ದೀಪಾವಳಿಯಿಂದ ಕಾರಹುಣ್ಣಿಮೆವರೆಗೆ: ಬಾಗಲಕೋಟೆಯಲ್ಲಿ ಕೂತು ಒಂದು ಎನ್‌ಬಿಎ ಟೀಮಿನ ಇಡೀ ಸೀಸನ್ ನೋಡುವುದು ಹೇಗೆ

ನಮ್ಮ ನವನಗರದಲ್ಲಿ ಸಂಜೆ ಕೋರ್ಟಿಗೆ ಬರುವ ಹುಡುಗರನ್ನು ಕೇಳಿ ನೋಡಿ, ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಆಟಗಾರರ ಹೆಸರು ಹತ್ತಾದರೂ ಹೇಳುತ್ತಾರೆ. ಯಾವ ಟೀಮು ಈಗ ಎಷ್ಟನೇ ಸ್ಥಾನದಲ್ಲಿದೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ. ಮೊಬೈಲಿಗೆ ಬರುವುದೆಲ್ಲ ಮೂವತ್ತು ಸೆಕೆಂಡಿನ ತುಣುಕು. ಒಂದು ಡಂಕ್ (ಹಾರಿ ಚೆಂಡನ್ನು ರಿಂಗಿಗೆ ತುರುಕುವುದು), ಒಂದು ದೂರದ ತ್ರೀ (ಗೆರೆಯಾಚೆಯಿಂದ ಎಸೆದ ಮೂರು ಪಾಯಿಂಟಿನ ಎಸೆತ), ಮುಗೀತು. ನಾನೂ ಎರಡು ವರ್ಷ ಹಾಗೇ ನೋಡಿದೆ. ಆಮೇಲೆ ಒಂದೇ ಟೀಮನ್ನು ಹಿಡಿದು, ಅಕ್ಟೋಬರಿನಿಂದ ಜೂನ್‌ವರೆಗೆ ಬಿಡದೆ ನೋಡಿದೆ. ಆಗಲೇ ಈ ಆಟ ನನಗೆ ಒಳಗಿನಿಂದ ತಿಳಿಯತೊಡಗಿದ್ದು. ನಮ್ಮೂರಲ್ಲಿ ಇದ್ದುಕೊಂಡೇ, ಕೆಲಸ ಕಾಲೇಜು ತಪ್ಪಿಸದೆ ಇದನ್ನು ಹೇಗೆ ಮಾಡಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಸೀಸನ್ನಿನ ಅಳತೆ

ಎನ್‌ಬಿಎಯಲ್ಲಿ 30 ಟೀಮುಗಳಿವೆ, ಎರಡು ಗುಂಪಿನಲ್ಲಿ. ಈಸ್ಟ್‌ನಲ್ಲಿ 15, ವೆಸ್ಟ್‌ನಲ್ಲಿ 15. ಒಂದೊಂದು ಟೀಮು 82 ಪಂದ್ಯ ಆಡುತ್ತದೆ, ಅದರಲ್ಲಿ 41 ತನ್ನ ಊರಲ್ಲಿ, 41 ಹೊರಗೆ. ಐಪಿಎಲ್‌ನಲ್ಲಿ ಒಂದು ಟೀಮಿಗೆ ಲೀಗ್ ಹಂತದಲ್ಲಿ 14 ಪಂದ್ಯ ಇರುವುದನ್ನು ನೆನಪಿಸಿಕೊಳ್ಳಿ, 82 ಅಂದರೆ ಎಷ್ಟು ಅಂತ ಗೊತ್ತಾಗುತ್ತದೆ. ಅಕ್ಟೋಬರ್ ಕೊನೆಗೆ ಶುರುವಾಗಿ ಏಪ್ರಿಲ್ ನಡುವಿನವರೆಗೆ ಈ 82 ಮುಗಿಯುತ್ತವೆ. ಅಲ್ಲಿಂದ ಪ್ಲೇಆಫ್. ನಾಲ್ಕು ಸುತ್ತು, ಪ್ರತಿ ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದೆ. ಒಟ್ಟು 16 ಗೆಲುವು ಸಿಕ್ಕರೆ ಕಪ್ಪು. ಫೈನಲ್ಸ್ ಜೂನ್‌ನಲ್ಲಿ.

ಇಷ್ಟು ಉದ್ದ ಇರುವುದರಿಂದಲೇ ಇಲ್ಲಿ ಒಂದು ಸೋಲಿಗೆ ಅಳುವ ಹಾಗಿಲ್ಲ. ಬಹಳ ಒಳ್ಳೆಯ ಟೀಮೂ ವರ್ಷಕ್ಕೆ ಹದಿನೈದು ಇಪ್ಪತ್ತು ಸಲ ಸೋಲುತ್ತದೆ. ಕ್ರಿಕೆಟ್ ನೋಡಿ ಬಂದವರಿಗೆ ಇದು ಒಗ್ಗಲು ಒಂದು ತಿಂಗಳು ಬೇಕಾಗುತ್ತದೆ. ನಿಮ್ಮ ಟೀಮು ಮೂರು ದಿನದಲ್ಲಿ ಎರಡು ಸೋತರೂ ಆ್ಯಪ್ ತೆಗೆದುಹಾಕಬೇಡಿ.

ಯಾವ ಟೀಮು ಹಿಡಿಯಬೇಕು

ಕಪ್ಪು ಗೆದ್ದ ಟೀಮನ್ನೇ ಹಿಡಿಯಬೇಕು ಅಂತೇನಿಲ್ಲ. ನನ್ನನ್ನು ಕೇಳಿದರೆ, ಈಗ ಬೆಳೆಯುತ್ತಿರುವ ಟೀಮನ್ನು ಹಿಡಿಯಿರಿ. ಗೆಲ್ಲುವ ಟೀಮಿನಲ್ಲಿ ಎಲ್ಲ ಮಾಡಿ ಮುಗಿಸಿದ ಅಡುಗೆ ಕಾಣುತ್ತದೆ. ಬೆಳೆಯುವ ಟೀಮಿನಲ್ಲಿ ಒಲೆ ಹಚ್ಚುವುದರಿಂದ ಕಾಣುತ್ತದೆ.

ನಾನು ಹಿಡಿದದ್ದು ಒಕ್ಲಹಾಮ ಸಿಟಿ ಥಂಡರ್. ಮೊದಲ ಕಾರಣ, ಅದು ನ್ಯೂಯಾರ್ಕ್, ಲಾಸ್ ಏಂಜಲೀಸ್ ತರಹದ ಊರಲ್ಲ. ಸುತ್ತ ಹೊಲ ಇರುವ, ದೊಡ್ಡ ಸ್ಟಾರ್‌ಗಳು ತಾವಾಗಿ ಹುಡುಕಿಕೊಂಡು ಬರದ ಊರು. ಟೀಮು ಕೂಡ ಅಲ್ಲೇ ಹುಟ್ಟಿದ್ದಲ್ಲ, ಸಿಯಾಟಲ್‌ನಿಂದ 2008ರಲ್ಲಿ ಅಲ್ಲಿಗೆ ಬಂದದ್ದು. ಹಳೆ ಬಾಗಲಕೋಟೆಯ ಮನೆ ನೀರಿಗೆ ಬಿಟ್ಟು ನವನಗರಕ್ಕೆ ಬಂದ ಮನೆತನದವನು ನಾನು. ಹಾಗಾಗಿ ಸಿಯಾಟಲ್‌ನ ಹಳೆಯ ಮಂದಿ ತಮ್ಮ ಟೀಮನ್ನು ಇನ್ನೂ ಯಾಕೆ ನೆನೆಯುತ್ತಾರೆ ಅಂತಲೂ ನನಗೆ ಅರ್ಥ ಆಗುತ್ತದೆ.

ಈ ಟೀಮಿನ ಕಥೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಒಂದು ಸೀಸನ್ ಅರ್ಥ ಆಗಬೇಕಾದರೆ ಅದರ ಹಿಂದಿನ ನಾಲ್ಕೈದು ಸೀಸನ್ ಗೊತ್ತಿರಬೇಕು. 2019ರ ಜುಲೈನಲ್ಲಿ ಅವರು ತಮ್ಮ ದೊಡ್ಡ ಆಟಗಾರ ಪಾಲ್ ಜಾರ್ಜ್‌ನನ್ನು ಕ್ಲಿಪರ್ಸ್ ಅನ್ನುವ ಟೀಮಿಗೆ ಕೊಟ್ಟರು. ಬದಲಿಗೆ ಬಂದದ್ದು ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್ ಅನ್ನುವ ಹುಡುಗ, ಇನ್ನೊಬ್ಬ ಆಟಗಾರ, ಮತ್ತು ಮುಂದಿನ ವರ್ಷಗಳ ಡ್ರಾಫ್ಟ್ ಪಿಕ್‌ಗಳ ಒಂದು ದೊಡ್ಡ ಗಂಟು. ಡ್ರಾಫ್ಟ್ ಪಿಕ್ ಅಂದರೆ ಹೊಸ ಹುಡುಗರನ್ನು ಆರಿಸುವ ಸರದಿಯ ಚೀಟಿ. ನಿಂತ ಬೆಳೆ ಮಾರಿ ಬೀಜ ತಂದ ಹಾಗೆ. ಆ ಗಂಟಿನ ಒಂದು ಬೀಜ 2022ರಲ್ಲಿ ಮೊಳೆಯಿತು: 12ನೇ ಸರದಿಯಲ್ಲಿ ಜೇಲನ್ ವಿಲಿಯಮ್ಸ್ ಸಿಕ್ಕ. ಅದೇ ವರ್ಷ ತಮ್ಮದೇ ಸರದಿಯಲ್ಲಿ, 2ನೆಯವನಾಗಿ, ಚೆಟ್ ಹೋಮ್‌ಗ್ರೆನ್‌ನನ್ನು ತೆಗೆದುಕೊಂಡರು.

ನಡುವಿನ ವರ್ಷಗಳು ಬಹಳ ಕಷ್ಟದವು. 2020-21ರಲ್ಲಿ 22 ಗೆಲುವು, 50 ಸೋಲು (ಕೊರೊನಾದಿಂದ ಆ ವರ್ಷ 72 ಪಂದ್ಯವೇ). ಮರುವರ್ಷ 24 ಗೆಲುವು, 58 ಸೋಲು. 2021ರ ಡಿಸೆಂಬರ್ 2ರಂದು ಮೆಂಫಿಸ್ ಎದುರು 152-79ರಿಂದ ಸೋತರು. 73 ಪಾಯಿಂಟ್ ಅಂತರ! ಎನ್‌ಬಿಎ ಚರಿತ್ರೆಯಲ್ಲೇ ಅಷ್ಟು ದೊಡ್ಡ ಸೋಲು ಅದಕ್ಕೆ ಮೊದಲು ಯಾರಿಗೂ ಆಗಿರಲಿಲ್ಲ. ಅಲ್ಲಿಂದ ನೋಡಿ: 40-42, ಆಮೇಲೆ 57-25, ಆಮೇಲೆ 2024-25ರಲ್ಲಿ 68-14, ಮತ್ತು ಕಪ್ಪು. ಕೋಚ್ ಮಾರ್ಕ್ ಡೇಗ್ನಾಲ್ಟ್ ಅವರನ್ನು ಆ ಕೆಟ್ಟ ವರ್ಷಗಳಲ್ಲೂ ತೆಗೆಯಲಿಲ್ಲ, ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಅವಸರ ಮಾಡಲಿಲ್ಲ. 73 ಪಾಯಿಂಟಿನಿಂದ ಸೋತ ಟೀಮು ಮೂರೂವರೆ ವರ್ಷದಲ್ಲಿ ಚಾಂಪಿಯನ್ ಆಯಿತು. ಜೊತೆಗೆ ನಡೆದವರಿಗೆ ಅದರ ರುಚಿ ಬೇರೆಯೇ ಇರುತ್ತದೆ.

ನೀವೂ ಹೀಗೆ ಒಂದನ್ನು ಹುಡುಕಿಕೊಳ್ಳಿ. ಡಿಟ್ರಾಯ್ಟ್ ಪಿಸ್ಟನ್ಸ್ ಇದೆ, 2023-24ರಲ್ಲಿ ಸತತ 28 ಪಂದ್ಯ ಸೋತು 14-68ಕ್ಕೆ ನಿಂತವರು ಮರುವರ್ಷವೇ 44-38 ಮಾಡಿದರು. ಇಂಥ ಟೀಮು ಪ್ರತಿ ವರ್ಷ ಎರಡು ಮೂರು ಸಿಗುತ್ತವೆ. ಆಟಗಾರರ ಸರಾಸರಿ ವಯಸ್ಸು ನೋಡಿ, ಕೋಚ್ ಹೊಸಬರೋ ಹಳಬರೋ ನೋಡಿ, ಕೊನೆಗೆ ಅವರ ಎರಡು ಪಂದ್ಯ ಪೂರ್ತಿ ನೋಡಿ. ಯಾರ ಆಟ ನೋಡುವಾಗ ಮೊಬೈಲ್ ಕೆಳಗಿಡಲು ಮನಸ್ಸಾಗುವುದಿಲ್ಲವೋ ಅವರೇ ನಿಮ್ಮ ಟೀಮು.

ಗಡಿಯಾರ

ಇದೇ ದೊಡ್ಡ ತೊಡಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಷ್ಟೇನಿಲ್ಲ. ಅಮೆರಿಕದ ರಾತ್ರಿ ಪಂದ್ಯ ನಮಗೆ ನಸುಕಿಗೆ ಬರುತ್ತದೆ. ರಾತ್ರಿ ನಿದ್ದೆಗೆಡುವ ಯುರೋಪಿನ ಫುಟ್‌ಬಾಲ್‌ಗಿಂತ ಇದು ಎಷ್ಟೋ ವಾಸಿ.

ಒಕ್ಲಹಾಮದಲ್ಲಿ ಸಂಜೆ 7ಕ್ಕೆ ಪಂದ್ಯ ಇದ್ದರೆ ಅಕ್ಟೋಬರಿನಲ್ಲಿ ನಮಗೆ ಬೆಳಗಿನ 5.30. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅದು 6.30 ಆಗುತ್ತದೆ. ಮಾರ್ಚಿನ ಎರಡನೇ ಭಾನುವಾರ ಮುಂದಕ್ಕೆ ತಿರುಗಿಸುತ್ತಾರೆ, ಮತ್ತೆ 5.30. ನ್ಯೂಯಾರ್ಕ್, ಬಾಸ್ಟನ್ ಕಡೆ ಸಂಜೆ 7ರ ಪಂದ್ಯ ಇದಕ್ಕಿಂತ ಒಂದು ಗಂಟೆ ಮೊದಲು. ಲಾಸ್ ಏಂಜಲೀಸ್ ಕಡೆಯದು ಎರಡು ಗಂಟೆ ತಡ, ಅಂದರೆ ಚಳಿಗಾಲದಲ್ಲಿ ನಮ್ಮ 8.30. ಆಫೀಸಿಗೆ ಹೋಗುವವರಿಗೆ ಅದೇ ಕಷ್ಟದ ಹೊತ್ತು, ಕಾಲೇಜು ಹುಡುಗರಿಗೂ. ಅಂಥ ಪಂದ್ಯವನ್ನು ಸಂಜೆಗೆ ಇಟ್ಟುಕೊಳ್ಳಿ.

ತಾರೀಖಿನ ವಿಷಯ ಮರೆಯಬೇಡಿ. ಅಲ್ಲಿನ ಮಂಗಳವಾರ ರಾತ್ರಿ ಅಂದರೆ ನಮ್ಮ ಬುಧವಾರ ಬೆಳಗ್ಗೆ. ಮೊದಲ ವರ್ಷ ನಾನು ಅಲ್ಲಿನ ತಾರೀಖನ್ನೇ ಕ್ಯಾಲೆಂಡರಿನಲ್ಲಿ ಬರೆದುಕೊಂಡು, ಐದಕ್ಕೆ ಎದ್ದು, ಒಂದು ದಿನ ಮೊದಲೇ ಕಾದು ಕೂತಿದ್ದೆ. ಆ್ಯಪ್‌ನಲ್ಲಿ ಭಾರತದ ಸಮಯ ತೋರಿಸುತ್ತಿದೆಯೇ ಅಂತ ಒಮ್ಮೆ ನೋಡಿಕೊಂಡರೆ ಈ ತಾಪತ್ರಯ ಇಲ್ಲ.

ನೋಡುವುದಕ್ಕೆ ಎನ್‌ಬಿಎಯದೇ ಆ್ಯಪ್ ಇದೆ, ಅದರಲ್ಲಿ ಲೀಗ್ ಪಾಸ್ ಅನ್ನುವ ಚಂದಾ ಇದೆ. ದುಡ್ಡು ಕೊಡುವ ಮೊದಲು ಒಂದು ತಿಂಗಳು ಯೂಟ್ಯೂಬ್‌ನಲ್ಲಿ ಅವರೇ ಹಾಕುವ ಹತ್ತು ನಿಮಿಷದ ಸಾರಾಂಶ ನೋಡಿ, ಜೊತೆಗೆ ಬಾಕ್ಸ್ ಸ್ಕೋರ್ (ಪಂದ್ಯದಲ್ಲಿ ಪ್ರತಿ ಆಟಗಾರನ ಅಂಕಿಗಳ ಪಟ್ಟಿ) ಓದಿ. ನಿಮಗೆ ಇದು ಹಿಡಿಸುತ್ತದೋ ಇಲ್ಲವೋ ಅಷ್ಟರಲ್ಲಿ ತಿಳಿಯುತ್ತದೆ. ಮರುಪ್ರಸಾರ ನೋಡುವವರು ನೋಟಿಫಿಕೇಶನ್ ಆಫ್ ಮಾಡಿ, ಆ್ಯಪ್‌ನಲ್ಲಿ ಸ್ಕೋರ್ ಮುಚ್ಚಿಡುವ ಸೆಟ್ಟಿಂಗ್ ಆನ್ ಮಾಡಿ. ಗೆಳೆಯರ ಗ್ರೂಪಿಗೂ ಮೊದಲೇ ಹೇಳಿಡಿ.

82ನ್ನೂ ಲೈವ್ ನೋಡಲು ಹೋಗಬೇಡಿ. ಒಂದು ಪಂದ್ಯಕ್ಕೆ ಎರಡೂಕಾಲು ಗಂಟೆ ಹೋಗುತ್ತದೆ. ವಾರಕ್ಕೆ ಮೂರು ಅಥವಾ ನಾಲ್ಕು ಪಂದ್ಯ ಇರುತ್ತವೆ, ಅದರಲ್ಲಿ ಒಂದನ್ನು ಪೂರ್ತಿ ನೋಡಿ, ಒಂದರ ಕೊನೆಯ ಕ್ವಾರ್ಟರ್, ಅಂದರೆ ಕೊನೆಯ ಕಾಲು ಭಾಗ, ಮಾತ್ರ ನೋಡಿ, ಉಳಿದವುಗಳ ಬಾಕ್ಸ್ ಸ್ಕೋರ್ ಓದಿ. ನನಗೆ ಹೊಂದಿದ ಅಳತೆ ಇದು. ಎಂಟು ತಿಂಗಳು ದಣಿಯದೆ ನಡೆಯುವ ಹಾಗಿರಬೇಕು, ಅಷ್ಟೇ.

ಗೋಡೆಯ ಕ್ಯಾಲೆಂಡರ್‌ನಲ್ಲಿ ಸೀಸನ್

ನಾನು ಸೀಸನ್ನನ್ನು ನಮ್ಮ ಹಬ್ಬಗಳ ಜೊತೆಗೇ ಕಟ್ಟಿಕೊಂಡಿದ್ದೇನೆ. ಹಾಗೆ ಮಾಡಿದರೆ ಯಾವಾಗ ಏನು ನೋಡಬೇಕು ಅಂತ ನೆನಪಿಡುವುದು ಸುಲಭ.

ದೀಪಾವಳಿ ಆಸುಪಾಸು ಶುರು. ಈಗ ಪಾಯಿಂಟ್ಸ್ ಟೇಬಲ್ ನೋಡಲೇಬೇಡಿ. ಯಾರು ಶುರುವಿನ ಐವರಲ್ಲಿ ಇದ್ದಾರೆ, ಯಾರು ಬೆಂಚಿನಿಂದ ಬರುತ್ತಾರೆ, ಬಂದ ಹೊಸಬನಿಗೆ ಎಷ್ಟು ನಿಮಿಷ ಸಿಗುತ್ತಿದೆ, ಇಷ್ಟು ನೋಡಿ. ಟೇಬಲ್ ಈಗ ಸುಳ್ಳು ಹೇಳುತ್ತದೆ. 2024-25ರಲ್ಲಿ ಇಂಡಿಯಾನಾ ಪೇಸರ್ಸ್ ಮೊದಲ 25 ಪಂದ್ಯಗಳಲ್ಲಿ 10 ಗೆದ್ದು 15 ಸೋತಿದ್ದರು. ಅದೇ ಟೀಮು 50-32ಕ್ಕೆ ಮುಗಿಸಿ ಫೈನಲ್ಸ್‌ನ ಏಳನೇ ಪಂದ್ಯದವರೆಗೆ ಹೋಯಿತು.

ನವೆಂಬರ್, ಡಿಸೆಂಬರಿನಲ್ಲಿ ಎನ್‌ಬಿಎ ಕಪ್ ಅಂತ ಒಂದು ಟೂರ್ನಿ ನಡುವೆ ಬರುತ್ತದೆ, 2023ರಿಂದ ಶುರುವಾದದ್ದು. ಅದರ ಫೈನಲ್ ಒಂದನ್ನು ಬಿಟ್ಟು ಉಳಿದ ಪಂದ್ಯಗಳೆಲ್ಲ 82ರ ಲೆಕ್ಕಕ್ಕೇ ಸೇರುತ್ತವೆ. 2024ರ ಕಪ್ ಫೈನಲ್ಲಿನಲ್ಲಿ ಥಂಡರ್ ಮಿಲ್ವಾಕಿ ಎದುರು 97-81ರಿಂದ ಸೋತರು. ಎಸೆದದ್ದೇನೂ ಬೀಳಲಿಲ್ಲ ಆ ದಿನ. ಡಿಸೆಂಬರ್ 25ಕ್ಕೆ ಅಲ್ಲಿ ಐದು ಪಂದ್ಯ ಇರುತ್ತವೆ. ಮೊದಲನೆಯದು ಅಲ್ಲಿನ ಮಧ್ಯಾಹ್ನ ಹನ್ನೆರಡಕ್ಕೆ, ನಮಗೆ ರಾತ್ರಿ ಹತ್ತೂವರೆ. ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಲು ಇಡೀ ವರ್ಷದಲ್ಲಿ ಅದೇ ಒಳ್ಳೆಯ ಹೊತ್ತು.

ಎಳ್ಳ ಅಮಾವಾಸ್ಯೆ ಹೊತ್ತಿಗೆ ಸುಮಾರು 30 ಪಂದ್ಯ ಆಗಿರುತ್ತವೆ. ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಬೆಳೆ ಎಷ್ಟೆತ್ತರ ಬಂದಿದೆ ಅಂತ ನೋಡುತ್ತೇವಲ್ಲ, ಟೇಬಲ್ಲನ್ನೂ ಆಗಲೇ ನೋಡಬೇಕು. ಮೊದಲ ಸಲ ನಿಜ ಕಾಣುವುದು ಆಗ. ಗೆಲುವು ಸೋಲಿಗಿಂತ ಒಂದು ಅಂಕಿ ಮುಖ್ಯ: ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟ್ ಅಂತರದಲ್ಲಿ ಗೆಲ್ಲುತ್ತಿದ್ದಾರೆ ಅಥವಾ ಸೋಲುತ್ತಿದ್ದಾರೆ. ಒಂದು ಪಾಯಿಂಟಿನಲ್ಲಿ ಹತ್ತು ಗೆದ್ದ ಟೀಮಿಗೆ ಅದೃಷ್ಟ ಸಾಥ್ ಕೊಟ್ಟಿದೆ. ಹನ್ನೆರಡು ಪಾಯಿಂಟಿನಲ್ಲಿ ಗೆಲ್ಲುತ್ತಿರುವವರು ನಿಜಕ್ಕೂ ಗಟ್ಟಿ. 2024-25ರ ಥಂಡರ್‌ನ ಸರಾಸರಿ ಅಂತರ ಸುಮಾರು 12.9, ಎನ್‌ಬಿಎ ದಾಖಲೆ.

ಸಂಕ್ರಾಂತಿ ಕಳೆದ ಮೇಲೆ ಫೆಬ್ರವರಿಯಲ್ಲಿ ಎರಡು ಘಟನೆ. ಒಂದು ಟ್ರೇಡ್ ಕೊನೆ ದಿನ, ಅದಾದ ಮೇಲೆ ಆಟಗಾರರನ್ನು ಅದಲುಬದಲು ಮಾಡುವ ಹಾಗಿಲ್ಲ. ಇನ್ನೊಂದು ಆಲ್-ಸ್ಟಾರ್ ವಾರಾಂತ್ಯ, ಲೀಗಿನ ದೊಡ್ಡ ಆಟಗಾರರು ಸೇರಿ ಆಡುವ ಪ್ರದರ್ಶನ ಆಟ. ಆಲ್-ಸ್ಟಾರ್ ಬಿಟ್ಟರೂ ನಡೆಯುತ್ತದೆ, ಅಲ್ಲಿ ಯಾರೂ ಡಿಫೆನ್ಸ್ ಮಾಡುವುದಿಲ್ಲ. ಟ್ರೇಡ್ ಮಾತ್ರ ಬಿಡಬೇಡಿ. ನಿಮ್ಮ ಟೀಮು ಯಾರನ್ನು ಕೊಟ್ಟಿತು ಅನ್ನುವುದಕ್ಕಿಂತ ಯಾವ ಕೊರತೆ ತುಂಬಲು ಹೊರಟಿದೆ ಅಂತ ನೋಡಿ. ಎತ್ತರದವನು ಬೇಕಿತ್ತೇ, ತ್ರೀ ಹೊಡೆಯುವವನು ಬೇಕಿತ್ತೇ, ಇಲ್ಲ ಈ ವರ್ಷ ಕೈಬಿಟ್ಟು ಪಿಕ್ ಕೂಡಿಡುತ್ತಿದ್ದಾರೆಯೇ.

ಹೋಳಿ ಹುಣ್ಣಿಮೆ ಹೊತ್ತಿಗೆ ಸೀಸನ್ ದಣಿದಿರುತ್ತದೆ. ಇಲ್ಲಿ ನಮ್ಮ ಬಾಗಲಕೋಟೆಯಲ್ಲಿ ಹಲಗಿ ಸಪ್ಪಳ ಶುರುವಾಗಿರುತ್ತದೆ, ಬಣ್ಣದ ಬಂಡಿಗಳು ಓಣಿ ಓಣಿ ತಿರುಗುತ್ತಿರುತ್ತವೆ. ಅಲ್ಲಿ ಮಾತ್ರ ಆಟಗಾರರ ಮೊಣಕಾಲಿಗೆ ಐಸ್ ಕಟ್ಟಿರುತ್ತಾರೆ. ಒಳ್ಳೆಯ ಟೀಮುಗಳು ಸ್ಟಾರ್‌ಗಳಿಗೆ ವಿಶ್ರಾಂತಿ ಕೊಡುತ್ತವೆ. ಕೆಳಗಿನ ಟೀಮುಗಳಲ್ಲಿ ಕೆಲವು ಗೆಲ್ಲಲು ಅಷ್ಟೇನೂ ಅವಸರ ಪಡುವುದಿಲ್ಲ. ಅದಕ್ಕೆ ಕಾರಣ ಇದೆ. ಪ್ಲೇಆಫ್ ತಲುಪದ 14 ಟೀಮುಗಳ ನಡುವೆ ಚೀಟಿ ಎತ್ತಿ ಡ್ರಾಫ್ಟಿನ ಮೊದಲ ಸರದಿಗಳನ್ನು ಹಂಚುತ್ತಾರೆ. 2019ರಲ್ಲಿ ತಂದ ನಿಯಮದಲ್ಲಿ ಕೆಳಗಿನ ಮೂರು ಟೀಮುಗಳಿಗೆ ಮೊದಲ ಸರದಿ ಸಿಗುವ ಅವಕಾಶ ಶೇಕಡಾ 14ರಂತೆ ಸಮ ಮಾಡಿದರು. ಸುಮ್ನೆ ಸೋತು ತಳಕ್ಕೆ ಹೋಗುವುದರ ಲಾಭ ಕಡಿಮೆ ಆಗಲಿ ಅಂತ. ಆದರೂ ಮಾರ್ಚಿನ ಅಂಕಿಗಳನ್ನು ಪೂರ್ತಿ ನಂಬಬೇಡಿ. ಈ ತಿಂಗಳು ನಾನು ಪಂದ್ಯ ಕಡಿಮೆ ನೋಡುತ್ತೇನೆ, ಹೋಳಿ ಆಡುತ್ತೇನೆ.

ಬಾಕ್ಸ್ ಸ್ಕೋರ್ ಓದುವುದು

ಇದನ್ನು ಕಲಿತರೆ ಅರ್ಧ ಸೀಸನ್ ನಿಮ್ಮ ಕೈಗೆ ಬಂದ ಹಾಗೆ. ಎಲ್ಲರೂ ಮೊದಲು ಪಾಯಿಂಟ್ ನೋಡುತ್ತಾರೆ. ನೀವು ಮೊದಲು ನಿಮಿಷ ನೋಡಿ. 48 ನಿಮಿಷದ ಆಟ, ಒಂದು ಸಲಕ್ಕೆ ಐವರು, ಹಾಗಾಗಿ ಹಂಚಲು 240 ನಿಮಿಷ ಇರುತ್ತವೆ. ಕೋಚ್ ಯಾರನ್ನು ನಂಬುತ್ತಾರೆ ಅನ್ನುವುದು ಅವರು ಪತ್ರಕರ್ತರಿಗೆ ಹೇಳುವ ಮಾತಿನಲ್ಲಿ ಸಿಗುವುದಿಲ್ಲ, ಈ ಹಂಚಿಕೆಯಲ್ಲಿ ಸಿಗುತ್ತದೆ.

ಆಮೇಲೆ ಎಷ್ಟು ಎಸೆತಕ್ಕೆ ಎಷ್ಟು ಪಾಯಿಂಟ್ ಅಂತ ನೋಡಿ. ಒಬ್ಬ 20 ಸಲ ಹತ್ತಿರದಿಂದ ಎಸೆದು 8 ಬೀಳಿಸಿದ ಅಂದುಕೊಳ್ಳಿ, 16 ಪಾಯಿಂಟ್ ಆಯಿತು. ಇನ್ನೊಬ್ಬ 20 ಸಲ ದೂರದಿಂದ ಎಸೆದು 6 ಮಾತ್ರ ಬೀಳಿಸಿದ, ಅವನದು 18. ಕಡಿಮೆ ಬೀಳಿಸಿದವನೇ ಜಾಸ್ತಿ ಕೊಟ್ಟ. ತ್ರೀ ಪಾಯಿಂಟ್ ಗೆರೆ ಎನ್‌ಬಿಎಗೆ ಬಂದದ್ದು 1979-80ರಲ್ಲಿ. ಈ ಸಣ್ಣ ಲೆಕ್ಕವನ್ನು ಟೀಮುಗಳು ಪೂರ್ತಿ ಮನಸ್ಸಿಗೆ ತೆಗೆದುಕೊಳ್ಳಲು ಮೂವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಈಗಿನ ಆಟ ಯಾಕೆ ಇಷ್ಟು ದೂರದಿಂದ ನಡೆಯುತ್ತದೆ ಅಂತ ಹಿರಿಯರು ಬೇಜಾರು ಮಾಡಿಕೊಂಡರೆ ಈ 16 ಮತ್ತು 18ರ ಲೆಕ್ಕ ಹೇಳಿ.

ಟರ್ನೋವರ್ ಅನ್ನುವ ಕಾಲಂ ಇದೆಯಲ್ಲ, ಚೆಂಡು ಕೈಬಿಟ್ಟದ್ದು, ಅದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ. 24 ಸೆಕೆಂಡಿನೊಳಗೆ ಎಸೆಯಲೇಬೇಕು ಅನ್ನುವ ನಿಯಮ ಇರುವುದರಿಂದ ಎರಡೂ ಟೀಮಿಗೆ ಒಂದು ಪಂದ್ಯದಲ್ಲಿ ಸುಮಾರು ನೂರು ನೂರು ಅವಕಾಶ ಸಿಗುತ್ತವೆ. ಎಸೆಯುವ ಮೊದಲೇ ಚೆಂಡು ಕಳೆದುಕೊಂಡರೆ ಒಂದು ಅವಕಾಶ ಹೋಯಿತು. ಥಂಡರ್‌ನ ಆ ದೊಡ್ಡ ವರ್ಷದ ಗುಟ್ಟು ಇಲ್ಲೇ ಇದೆ: ತಾವು ಚೆಂಡು ಕಳೆದುಕೊಳ್ಳುವುದು ಬಹಳ ಕಮ್ಮಿ, ಎದುರಿನವರ ಕೈಯಿಂದ ಕಸಿಯುವುದು ಬಹಳ ಜಾಸ್ತಿ. ಲು ಡಾರ್ಟ್ ಅನ್ನುವ ಆಟಗಾರನನ್ನು ನೋಡಿ. ಡ್ರಾಫ್ಟಿನಲ್ಲಿ ಅವನನ್ನು ಯಾರೂ ಆರಿಸಿರಲಿಲ್ಲ. ತುಣುಕು ವಿಡಿಯೋಗಳಲ್ಲಿ ಅವನು ಕಾಣುವುದು ಕಡಿಮೆ. ಎದುರಾಳಿಯ ಅತಿ ದೊಡ್ಡ ಸ್ಟಾರ್‌ನ ಎದೆಗೆ ಎದೆ ಕೊಟ್ಟು ನಿಲ್ಲುವುದೇ ಅವನ ಕೆಲಸ. ಪೂರ್ತಿ ಪಂದ್ಯ ನೋಡಿದವರಿಗೆ ಮಾತ್ರ ಅವನ ಬೆಲೆ ಗೊತ್ತು.

ಪ್ಲಸ್-ಮೈನಸ್ ಅಂತ ಕೊನೆಗೆ ಒಂದು ಅಂಕಿ ಬರುತ್ತದೆ. ಆ ಆಟಗಾರ ಕೋರ್ಟಿನಲ್ಲಿದ್ದಾಗ ಟೀಮು ಎಷ್ಟು ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಅನ್ನುವ ಲೆಕ್ಕ. ಒಂದೇ ಪಂದ್ಯದ್ದನ್ನು ನೋಡಿ ತೀರ್ಪು ಕೊಡಬೇಡಿ, ಜೊತೆಗಾರರು ಕೆಟ್ಟದಾಗಿ ಆಡಿದ್ದೂ ಅದರಲ್ಲಿ ಸೇರಿರುತ್ತದೆ. ಇಪ್ಪತ್ತು ಪಂದ್ಯದ್ದನ್ನು ಕೂಡಿಸಿದರೆ ಏನೋ ಹೇಳುತ್ತದೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಪಂದ್ಯಕ್ಕೆ ಎರಡೇ ಸಾಲು. ಸ್ಕೋರ್ ಒಂದು ಸಾಲು, ನೀವು ಕಂಡ ಒಂದು ವಿಷಯ ಇನ್ನೊಂದು ಸಾಲು. ನನ್ನ ಅಪ್ಪ ನಸುಕಿಗೆ ಚಹಾ ಹಿಡಿದು ಪಕ್ಕ ಬಂದು ಕೂರುತ್ತಾರೆ. ಒಂದು ದಿನ ಕೇಳಿದರು, "ಹೋದ ವಾರ ಇವರ ಕೈಯಾಗ ಸೋತಿದ್ರಲ್ಲೋ ತಮ್ಮಾ, ಇವತ್ತ ಹೆಂಗ ಗೆದ್ರು?" ನೋಟ್‌ಬುಕ್ ತೆಗೆದು ನೋಡಿದೆ. ಹೋದ ವಾರ ಸತತ ಎರಡನೇ ದಿನದ ಪಂದ್ಯ, ಹಿಂದಿನ ರಾತ್ರಿ ಬೇರೆ ಊರಲ್ಲಿ ಆಡಿ ವಿಮಾನದಲ್ಲಿ ಬಂದಿದ್ದರು. ಈ ವಾರ ಎರಡು ದಿನ ವಿಶ್ರಾಂತಿ ಇತ್ತು. "ಹಂಗಾದ್ರ ದಣಿದಿದ್ರು ಬಿಡು" ಅಂದರು ಅಪ್ಪ. ವೇಳಾಪಟ್ಟಿ ನೋಡದೆ ಸೋಲಿಗೆ ಕಾರಣ ಹುಡುಕಬಾರದು ಅಂತ ನಾನು ಕಲಿತದ್ದು ಆವತ್ತು.

ಗಾಯದ ಪಟ್ಟಿ

ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ಎಲ್ಲ ಟೀಮೂ ಯಾರು ಆಡುತ್ತಾರೆ, ಯಾರು ಆಡುವುದು ಅನುಮಾನ ಅಂತ ಪಟ್ಟಿ ಕೊಡಬೇಕು. ಅದನ್ನು ಓದಿಯೇ ಅಲಾರಂ ಇಡಿ. 2024ರ ನವೆಂಬರಿನಲ್ಲಿ ಥಂಡರ್‌ಗೆ ಒಂದು ವಿಚಿತ್ರ ಪಾಡು ಬಂದಿತ್ತು. ಐಸಾಯ ಹಾರ್ಟನ್‌ಸ್ಟೈನ್‌ನ ಕೈ ಮುರಿದಿತ್ತು. ಅವನು ಬರುವ ಮೊದಲೇ ಚೆಟ್ ಹೋಮ್‌ಗ್ರೆನ್ ಸೊಂಟದ ಎಲುಬು ಮುರಿದುಕೊಂಡು ಬಿದ್ದ, ಫೆಬ್ರವರಿಯವರೆಗೆ ಬರಲಿಲ್ಲ. ಎತ್ತರದವರೇ ಇಲ್ಲದೆ ಸಣ್ಣ ಆಳುಗಳನ್ನು ಇಟ್ಟುಕೊಂಡು ಆಡಿದರು. ಅದರಿಂದ ಅವರ ಡಿಫೆನ್ಸ್ ಇನ್ನೂ ಚುರುಕಾಯಿತು ಅಂತಲೇ ನನಗೆ ಅನಿಸುತ್ತದೆ, ಎಲ್ಲರೂ ಎಲ್ಲರನ್ನೂ ತಡೆಯಲು ಕಲಿಯಬೇಕಾಯಿತು. ಗಾಯದ ತಿಂಗಳುಗಳನ್ನು ಬಿಡದೆ ನೋಡಿ ಅಂತ ನಾನು ಹೇಳುವುದು ಇದಕ್ಕೇ.

2023-24ರಿಂದ ಇನ್ನೊಂದು ನಿಯಮ ಇದೆ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿಯಂಥ ದೊಡ್ಡ ಪ್ರಶಸ್ತಿ ಬೇಕಾದರೆ ಕಡಿಮೆ ಅಂದರೂ 65 ಪಂದ್ಯ ಆಡಿರಬೇಕು.

ಇಲ್ಲೇ ಒಂದು ಮಾತು. ಗಾಯದ ಪಟ್ಟಿ, ಅಂಕಿ ಅಂಶ ಎಲ್ಲ ತಿಳಿದ ಮೇಲೆ ಯಾರಾದರೂ ಬೆಟ್ಟಿಂಗ್ ಆ್ಯಪ್ ಲಿಂಕ್ ಕಳಿಸುತ್ತಾರೆ. ಮುಟ್ಟಬೇಡಿ. ದುಡ್ಡು ಹೋಗುವುದು ಒಂದು ಕಡೆ, ದುಡ್ಡು ಇಟ್ಟ ಮೇಲೆ ಪಂದ್ಯ ನೋಡುವ ಕಣ್ಣೇ ಹೋಗುತ್ತದೆ.

ಕೋರ್ಟಿಗೆ ಟೇಪು ತೆಗೆದುಕೊಂಡು ಹೋಗಿ

ಟಿವಿಯಲ್ಲಿ ದೂರ ತಿಳಿಯುವುದಿಲ್ಲ. ಕಾಲೇಜು ಗ್ರೌಂಡಿನ ಸಿಮೆಂಟ್ ಕೋರ್ಟಿನಲ್ಲಿ ಇರುವ ತ್ರೀ ಗೆರೆ ಅಂತರರಾಷ್ಟ್ರೀಯ ಅಳತೆಯದಾಗಿದ್ದರೆ ರಿಂಗಿನಿಂದ 6.75 ಮೀಟರ್ ಇರುತ್ತದೆ. ಎನ್‌ಬಿಎಯಲ್ಲಿ ಅದು 7.24 ಮೀಟರ್, ಮೂಲೆಯಲ್ಲಿ ಮಾತ್ರ ಹತ್ತಿರ. ನಮ್ಮ ಗೆರೆಯಿಂದ ಅರ್ಧ ಮೀಟರ್ ಹಿಂದೆ ಸುಣ್ಣದಲ್ಲಿ ಒಂದು ಗುರುತು ಹಾಕಿ, ಅಲ್ಲಿ ನಿಂತು ಹತ್ತು ಸಲ ಎಸೆಯಿರಿ. ರಿಂಗು ಎರಡೂ ಕಡೆ ಒಂದೇ ಎತ್ತರ, 10 ಅಡಿ. ಮರುದಿನ ಬೆಳಗ್ಗೆ ಯಾರೋ ಓಡುತ್ತ ಬಂದು, ಮೈಮೇಲೆ ಒಬ್ಬನನ್ನು ಇಟ್ಟುಕೊಂಡೇ, ಅಲ್ಲಿಂದ ಎಸೆದಾಗ ನಿಮ್ಮ ತೋಳಿಗೆ ಅದರ ಭಾರ ಗೊತ್ತಿರುತ್ತದೆ.

ಮಾಳಿಗೆ ಮೇಲಿನ ಪ್ಲೇಆಫ್

ಯುಗಾದಿ ಕಳೆದು ಏಪ್ರಿಲ್ ನಡುವೆ 82 ಮುಗಿಯುತ್ತವೆ. ಎರಡೂ ಕಡೆ ಮೊದಲ ಆರು ಟೀಮು ನೇರ ಒಳಗೆ. 7ರಿಂದ 10ನೇ ಸ್ಥಾನದವರಿಗೆ ಪ್ಲೇ-ಇನ್. 7 ಮತ್ತು 8 ಆಡುತ್ತಾರೆ, ಗೆದ್ದವರು ಏಳನೆಯವರಾಗಿ ಒಳಗೆ. 9 ಮತ್ತು 10 ಆಡುತ್ತಾರೆ, ಸೋತವರು ಮನೆಗೆ. ಮೊದಲನೆಯದರಲ್ಲಿ ಸೋತವರು, ಎರಡನೆಯದರಲ್ಲಿ ಗೆದ್ದವರು ಎಂಟನೇ ಸ್ಥಾನಕ್ಕೆ ಆಡುತ್ತಾರೆ. ಇದನ್ನು ಕಡೆಗಣಿಸಬೇಡಿ. 2023ರಲ್ಲಿ ಮಯಾಮಿ ಹೀಟ್ ಪ್ಲೇ-ಇನ್‌ನ ಮೊದಲ ಪಂದ್ಯ ಸೋತು, ಎರಡನೆಯದು ಗೆದ್ದು, ಎಂಟನೆಯವರಾಗಿ ನುಸುಳಿ, ಫೈನಲ್ಸ್‌ವರೆಗೆ ಹೋದರು.

ಈ ಹೊತ್ತಿಗೆ ನಮ್ಮಲ್ಲಿ ಬಿಸಿಲು ನಲವತ್ತರ ಆಸುಪಾಸು. ರಾತ್ರಿ ಮಾಳಿಗೆ ಮೇಲೆ ಮಲಗುತ್ತೇವೆ. ನಸುಕಿನ ಐದೂವರೆಗೆ ತಂಪು ಗಾಳಿಯಲ್ಲಿ ಹಾಸಿಗೆ ಮೇಲೇ ಎದ್ದು ಕೂತು ಮೊಬೈಲಿನಲ್ಲಿ ಪ್ಲೇಆಫ್ ನೋಡುವುದು, ಕೆಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ನನಗೆ ವರ್ಷದ ಒಳ್ಳೆಯ ದಿನಗಳು ಅಂದರೆ ಇವೇ. ಸಂಜೆ ಐಪಿಎಲ್ ಇರುತ್ತದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಚಾರ್ಜ್ ರಾತ್ರಿಯೇ ಪೂರ್ತಿ ಮಾಡಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಕರೆಂಟ್ ನಂಬುವ ಹಾಗಿಲ್ಲ.

ಪ್ಲೇಆಫ್‌ನಲ್ಲಿ ನೋಡುವ ರೀತಿ ಬದಲಾಗಬೇಕು. ಅದೇ ಎದುರಾಳಿ ಎರಡು ವಾರ ಎದುರಿಗೆ ಇರುತ್ತಾರೆ. ಒಂದು ಪಂದ್ಯದಲ್ಲಿ ನಡೆದ ಉಪಾಯ ಮುಂದಿನದರಲ್ಲಿ ನಡೆಯುವುದಿಲ್ಲ. ಹಾಗಾಗಿ ಪ್ರತಿ ಪಂದ್ಯದ ಮೊದಲ ಐದು ನಿಮಿಷ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಯಾರು ಯಾರನ್ನು ಕಾಯುತ್ತಿದ್ದಾರೆ? 2025ರಲ್ಲಿ ಥಂಡರ್ ಮತ್ತು ಡೆನ್ವರ್ ಸರಣಿ ಏಳನೇ ಪಂದ್ಯಕ್ಕೆ ಹೋಯಿತು. ಡೆನ್ವರ್‌ನ ನಿಕೊಲಾ ಯೋಕಿಚ್ 6 ಅಡಿ 11 ಇಂಚಿನ ಬೆಟ್ಟ. ಅವನನ್ನು ಕಾಯಲು ಕೋಚ್ ಡೇಗ್ನಾಲ್ಟ್ ನಿಲ್ಲಿಸಿದ್ದು 6 ಅಡಿ 5 ಇಂಚಿನ ಅಲೆಕ್ಸ್ ಕರೂಸೊನನ್ನು. ಕರೂಸೊ ಅವನ ಮುಂದೆ ನುಸುಳಿ, ತಳ್ಳಾಡಿ, ಚೆಂಡು ಅವನ ಕೈಗೆ ಸೇರುವುದನ್ನೇ ಕಷ್ಟ ಮಾಡಿದ. 125-93. ಹಿಂದಿನ ಆರು ಪಂದ್ಯ ನೋಡಿದವರಿಗೆ ಆ ಒಂದು ಬದಲಾವಣೆ ಕಣ್ಣಿಗೆ ಹೊಡೆದು ಕಾಣುತ್ತದೆ. ಬರೀ ತುಣುಕು ನೋಡಿದವರಿಗೆ ಒಂದು ಸ್ಟೀಲ್ (ಚೆಂಡು ಕಸಿದದ್ದು) ಕಂಡಿರುತ್ತದೆ ಅಷ್ಟೇ.

ಕಾರಹುಣ್ಣಿಮೆ ಮತ್ತು ಫೈನಲ್ಸ್

ಎತ್ತುಗಳಿಗೆ ಬಣ್ಣ ಹಚ್ಚಿ ಕರಿ ಹರಿಯುವ ದಿನಗಳಲ್ಲೇ ಫೈನಲ್ಸ್ ಬರುತ್ತದೆ. 2025ರಲ್ಲಂತೂ ಕಾರಹುಣ್ಣಿಮೆ ಫೈನಲ್ಸ್‌ನ ನಡುವೆಯೇ ಬಿತ್ತು. ಪಂದ್ಯಗಳು ನಮಗೆ ಬೆಳಗ್ಗೆ 6ಕ್ಕೆ, ಅಲ್ಲಿ ಭಾನುವಾರ ಇದ್ದರೆ ನಮಗೆ ಸೋಮವಾರ 5.30ಕ್ಕೆ. ಎದುರಾಳಿ ಅದೇ ಪೇಸರ್ಸ್, 10-15ರಿಂದ ಎದ್ದು ಬಂದವರು. (2019ರ ಅಕ್ಟೋಬರಿನಲ್ಲಿ ಎನ್‌ಬಿಎ ಮೊದಲ ಸಲ ಭಾರತಕ್ಕೆ ಬಂದು ಮುಂಬೈಯಲ್ಲಿ ಆಡಿದಾಗ ಬಂದ ಎರಡು ಟೀಮುಗಳಲ್ಲಿ ಒಂದು ಇವರದೇ.) ಮೊದಲ ಪಂದ್ಯದಲ್ಲಿ ಥಂಡರ್ ಇಡೀ ಹೊತ್ತು ಮುಂದಿದ್ದರು. 0.3 ಸೆಕೆಂಡ್ ಉಳಿದಾಗ ಟೈರೀಸ್ ಹ್ಯಾಲಿಬರ್ಟನ್ ಎಸೆದದ್ದು ಬಿತ್ತು, 111-110. ಪೇಸರ್ಸ್ ಆ ಪಂದ್ಯದಲ್ಲಿ ಮುಂದಿದ್ದದ್ದು ಆ 0.3 ಸೆಕೆಂಡ್ ಮಾತ್ರ. ಆ ದಿನ ನನಗೆ ಮಧ್ಯಾಹ್ನದವರೆಗೆ ಯಾರ ಜೊತೆಗೂ ಮಾತಾಡಲಾಗಲಿಲ್ಲ.

ನೋಟ್‌ಬುಕ್ಕಿನ ಉಪಯೋಗ ಇಂಥ ದಿನ. ಹಿಂದೆ ತಿರುಗಿಸಿ ನೋಡಿದೆ. ವರ್ಷವಿಡೀ ಸೋತ ಮೇಲೆ ಇವರು ಏನು ಮಾಡಿದರು? ಡೆನ್ವರ್ ಎದುರು ಮೊದಲ ಪಂದ್ಯವನ್ನೂ ಹೀಗೇ ಕೊನೆಯ ಕ್ಷಣದಲ್ಲಿ ಸೋತಿದ್ದರು, ಮುಂದಿನದನ್ನು ದೊಡ್ಡ ಅಂತರದಲ್ಲಿ ಗೆದ್ದಿದ್ದರು. ಇಲ್ಲೂ ಎರಡನೆಯದನ್ನು ಗೆದ್ದರು. ಸರಣಿ ಏಳಕ್ಕೆ ಹೋಯಿತು. ಜೂನ್ 23ರ ಬೆಳಗ್ಗೆ, ನಮ್ಮ ತಾರೀಖು, ಅಪ್ಪ, ನಾನು, ಕಾಕಾನ ಮಗ ಮೂವರೂ ಟಿವಿ ಮುಂದೆ. ಮೊದಲ ಕ್ವಾರ್ಟರಿನಲ್ಲೇ ಹ್ಯಾಲಿಬರ್ಟನ್ ಹಿಮ್ಮಡಿಯ ನರ ಹರಿದುಕೊಂಡು ನೆಲಕ್ಕೆ ಬಡಿದು ಅತ್ತ. ಎದುರಾಳಿಯಾದರೂ ಕರುಳು ಚುರುಕ್ ಅಂದಿತು. ಥಂಡರ್ 103-91ಕ್ಕೆ ಗೆದ್ದರು. ಶೇ 29 ಪಾಯಿಂಟ್, 12 ಅಸಿಸ್ಟ್ (ಜೊತೆಗಾರ ಎಸೆದು ಬೀಳಿಸುವಂತೆ ಕೊಟ್ಟ ಪಾಸ್). 2019ರಲ್ಲಿ ಟ್ರೇಡಿನಲ್ಲಿ ಬಂದ ಅದೇ ಹುಡುಗ.

ಫೈನಲ್ಸ್ ಮುಗಿದ ಕೆಲವೇ ದಿನಕ್ಕೆ ಡ್ರಾಫ್ಟ್ ಇರುತ್ತದೆ, ಅದನ್ನು ನೋಡಿ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಭಾಮರಾನನ್ನು ಡಲ್ಲಾಸ್ 52ನೇ ಸರದಿಯಲ್ಲಿ ಆರಿಸಿತ್ತು, ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲಿಗ ಅವನು. ಜುಲೈನಲ್ಲಿ ಆಟಗಾರರ ಹೊಸ ಒಪ್ಪಂದಗಳು ಆಗುತ್ತವೆ, ಆ ಸುದ್ದಿ ವಾರಕ್ಕೊಮ್ಮೆ ಓದಿದರೆ ಸಾಕು. ಆಗಸ್ಟಿನಲ್ಲಿ ಮುಂದಿನ ಸೀಸನ್ನಿನ ವೇಳಾಪಟ್ಟಿ ಬರುತ್ತದೆ. ಬಂದ ದಿನವೇ ಕೂತು ನಿಮ್ಮ ಟೀಮಿನ ಮೊದಲ ಹತ್ತು ಪಂದ್ಯಗಳನ್ನು ನಮ್ಮ ತಾರೀಖಿಗೆ, ನಮ್ಮ ಗಂಟೆಗೆ ಬದಲಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ನವೆಂಬರಿನ ಮೊದಲ ಭಾನುವಾರದ ಮುಂದೆ "ಒಂದು ಗಂಟೆ ತಡ" ಅಂತ ಸೇರಿಸುವುದನ್ನು ಮರೆಯಬೇಡಿ.